ಪೋರ್ಟ್ರೇಟ್‌ನಲ್ಲಿ ಮಾತ್ರ ಕಪ್ಪು ಪಟ್ಟಿ ಬರುತ್ತಿದೆ, 50 ಎಂಎಂ ಲೆನ್ಸ್ ಹೋಯಿತಾ?

ನಂದಿತಪ್ಪಲು · ಸೋಮವಾರ ರಾತ್ರಿ 10:40
ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟು ಹೋಗಿದೆ. ಯಾರಾದರೂ ದಾರಿ ತೋರಿಸಿ.

ಇರುವುದು ಒಂದು ಕ್ಯಾಮೆರಾ, ಎರಡು ಲೆನ್ಸ್. ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್‌ನಲ್ಲಿ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ತೆಗೆದಿದ್ದೇನೆ. ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ಒಂದೊಂದೂ ಬಿಡಿಸಿದ ಹಾಗೆ ಕಾಣುತ್ತದೆ. ನಮ್ಮ ಮನೆ ಮಹಡಿಯಿಂದ ರಾತ್ರಿ ಚಿಕ್ಕಬಳ್ಳಾಪುರದ ದೀಪಗಳು, ಹಿಂದೆ ಬೆಟ್ಟ, ಅದೂ ಚೆನ್ನಾಗಿ ಬಂದಿದೆ. ಆದರೆ 50 ಎಂಎಂ ಹಾಕಿ ಮುಖ ತೆಗೆದರೆ ಸಾಕು, ಫೋಟೋ ತುಂಬಾ ಅಡ್ಡ ಪಟ್ಟಿ.

ನಮ್ಮ ದೊಡ್ಡಮ್ಮನದು ಹೂವಿನ ಅಂಗಡಿ. ಸಂಜೆ ಕನಕಾಂಬರ ಕಟ್ಟುತ್ತಾ ಕೂತಾಗ ನಲವತ್ತು ಫೋಟೋ ತೆಗೆದೆ. ಹಣೆ ಮೇಲೆ ಒಂದು ಪಟ್ಟಿ, ಗಲ್ಲದ ಮೇಲೆ ಒಂದು. ಒಂದೂ ಉಪಯೋಗಕ್ಕಿಲ್ಲ. ದೊಡ್ಡ ಪ್ರಿಂಟ್ ಹಾಕಿಸಿಕೊಡುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ಲೆನ್ಸ್ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇದನ್ನು ರಿಪೇರಿ ಮಾಡಿಸುವುದಾ, ಬಿಸಾಡುವುದಾ?

ಹಳೇ ರೀಲು · ರಾತ್ರಿ 11:05
ಲೆನ್ಸೇ, ಅನುಮಾನ ಬೇಡ. ಒಂದು ಲೆನ್ಸ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಅಂದರೆ ಬೇರೆ ಏನಿರುತ್ತದೆ? ಹಿಂಭಾಗದ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯಾ ನೋಡಿ. ತುಮಕೂರಿನಲ್ಲಿ ನನ್ನ ಸ್ನೇಹಿತರ ಲೆನ್ಸ್ ಬೀರುವಿನಲ್ಲಿ ಇಟ್ಟೇ ಹಾಳಾಯಿತು.

ನಂದಿತಪ್ಪಲು · ಮಂಗಳವಾರ ಬೆಳಿಗ್ಗೆ 7:20
ಒರೆಸಿದೆ. ಟಾರ್ಚ್ ಬಿಟ್ಟೂ ನೋಡಿದೆ. ಒಳಗೆ ಎರಡು ಧೂಳಿನ ಕಣ ಬಿಟ್ಟರೆ ಏನೂ ಇಲ್ಲ. ರಾತ್ರಿ ಮತ್ತೆ ತೆಗೆದೆ, ಅದೇ ಪಟ್ಟಿ.

ಕಂಬಸಾಲು · ಬೆಳಿಗ್ಗೆ 8:15
ಯಾವ ಕ್ಯಾಮೆರಾ ಸರ್? ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬಿಡುವ ಸಮಯ, ಎಷ್ಟು? ಅದು ಹೇಳದೆ ಏನು ಹೇಳುವುದು?

ನೀವು ಹಾಕಿರುವ ಮಂಟಪದ ಫೋಟೋ ನೋಡಿದೆ. ಬೆಳಕು ಚೆನ್ನಾಗಿದೆ, ಆದರೆ ಕಂಬಗಳೆಲ್ಲ ಒಳಕ್ಕೆ ವಾಲಿವೆ. ಕ್ಯಾಮೆರಾ ಮೇಲಕ್ಕೆ ಎತ್ತಿದ್ದೀರಿ, ಅದಕ್ಕೇ ಹಾಗೆ. ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಕಂಬಕ್ಕೆ ಸಮಾನಾಂತರ ಇರಬೇಕು. ಹಿಂದೆ ಸರಿದು, ನೇರ ಹಿಡಿದು, ಆಮೇಲೆ ಕೆಳಗಿನ ನೆಲವನ್ನು ಕತ್ತರಿಸಿ. ನಾನು ಕೋಲಾರದ ಸೋಮೇಶ್ವರ ದೇವಸ್ಥಾನವನ್ನು 24 ಎಂಎಂ ಟಿಲ್ಟ್-ಶಿಫ್ಟ್‌ನಲ್ಲಿ ತೆಗೆದಿದ್ದೇನೆ. ಲೆನ್ಸನ್ನೇ ಮೇಲಕ್ಕೆ ಸರಿಸಿದರೆ ಆಯಿತು, ಒಂದು ಗೆರೆಯೂ ವಾಲುವುದಿಲ್ಲ.

ಹಳೇ ರೀಲು · ಬೆಳಿಗ್ಗೆ 8:40
ಅವರು ಕೇಳಿದ್ದು ಪಟ್ಟಿ ಬಗ್ಗೆ, ನೀವು ಕಂಬ ನೆಟ್ಟಗೆ ಮಾಡುತ್ತಿದ್ದೀರಿ. ಕೆಳಗೆ ನಿಂತು ತಲೆ ಎತ್ತಿ ನೋಡುವವನಿಗೆ ಕಂಬ ವಾಲಿದ ಹಾಗೇ ಕಾಣುತ್ತದೆ. ಅದು ಕಣ್ಣಿಗೆ ಸಹಜ. ಎಲ್ಲವನ್ನೂ ನೆಟ್ಟಗೆ ಮಾಡಿದರೆ ನಕ್ಷೆ ಆಗುತ್ತದೆ, ಫೋಟೋ ಆಗುವುದಿಲ್ಲ.

ಕಂಬಸಾಲು · ಬೆಳಿಗ್ಗೆ 8:52
ಒಪ್ಪುವುದಿಲ್ಲ ಸರ್. ಕಲ್ಲು ಕೆತ್ತಿದವರು ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿದ ಕಂಬ ಅದು. ಅದನ್ನು ವಾಲಿಸಿ ತೋರಿಸುವುದು ನನಗೆ ಸರಿ ಅನ್ನಿಸುವುದಿಲ್ಲ.

ನಂದಿತಪ್ಪಲು · ಮಧ್ಯಾಹ್ನ 1:30
ಕಂಬದ ಮಾತು ಆಮೇಲೆ ಆಡೋಣ. ಮಾಡೆಲ್ ನನ್ನ ಪ್ರೊಫೈಲ್‌ನಲ್ಲೇ ಇದೆ. ಬೆಂಗಳೂರಿನ ಒಂದು ಸರ್ವೀಸ್ ಅಂಗಡಿಗೆ ಫೋನ್ ಮಾಡಿದ್ದೆ. ನೋಡದೇನೇ ಸೆನ್ಸರ್ ಹೋಗಿರಬಹುದು, ತಂದು ಬಿಡಿ ಅಂದರು. ಹೊಟ್ಟೆಯಲ್ಲಿ ಸಂಕಟ ಆಗುತ್ತಿದೆ.

ಹಳೇ ರೀಲು · ಮಧ್ಯಾಹ್ನ 2:10
ಸೆನ್ಸರ್ ಅಲ್ಲ. ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಅದರ ಎಲೆಗಳಿಗೆ ಎಣ್ಣೆ ಇಳಿದಿರಬೇಕು. ಕಿಂಡಿ ದೊಡ್ಡದು ಮಾಡಿ ಎಫ್/1.8ರಲ್ಲಿ ಒಂದು, ಚಿಕ್ಕದು ಮಾಡಿ ಎಫ್/8ರಲ್ಲಿ ಒಂದು ತೆಗೆದು ನೋಡಿ. ನನ್ನ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ 1980ರ ದಶಕದ್ದು. ಬ್ಯಾಟರಿ ಇಲ್ಲದೆಯೂ 1/4000 ಸೆಕೆಂಡಿನ ತನಕ ಹೊಡೆಯುತ್ತದೆ, ಇವತ್ತಿಗೂ ಒಂದು ಪಟ್ಟಿ ಬಂದಿಲ್ಲ. ಜೊತೆಗೆ 105 ಎಂಎಂ ಇದೆ. ಮುಖ ತೆಗೆಯಲು ಅದಕ್ಕಿಂತ ಒಳ್ಳೆಯ ಲೆನ್ಸ್ ನಾನು ಮುಟ್ಟಿಲ್ಲ.

ಬೆಳಕಿನಬುಟ್ಟಿ · ಸಂಜೆ 6:30
ನಂದಿತಪ್ಪಲು ಅವರೇ, ಲೆನ್ಸ್ ಬಿಚ್ಚಿಸಬೇಡಿ, ಸ್ವಲ್ಪ ತಡೆಯಿರಿ. ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಪಟ್ಟಿ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿದೆಯಾ? ಕ್ಯಾಮೆರಾ ತಿರುಗಿಸಿ ಲಂಬವಾಗಿ ಹಿಡಿದರೆ ಪಟ್ಟಿ ಏನಾಗುತ್ತದೆ? ಅಂಗಡಿಯಲ್ಲಿ ಯಾವ ದೀಪ? ಫೋಟೋ ಹೊಡೆದಾಗ ಕ್ಯಾಮೆರಾ ಸದ್ದು ಮಾಡುತ್ತದಾ?

ನಂದಿತಪ್ಪಲು · ರಾತ್ರಿ 9:00
ಒಂದೇ ಜಾಗದಲ್ಲಿಲ್ಲ, ಪ್ರತಿ ಫೋಟೋದಲ್ಲಿ ಸರಿದಿರುತ್ತದೆ. ಕ್ಯಾಮೆರಾ ಲಂಬವಾಗಿ ಹಿಡಿದರೆ ಪಟ್ಟಿಯೂ ಲಂಬವಾಗುತ್ತದೆ. ಅಡ್ಡ ಹಿಡಿದಾಗ ಎಣಿಸಿದೆ, ಸುಮಾರು ಆರು ಇವೆ. ದೀಪ ಮಾಮೂಲಿ ಎಲ್‌ಇಡಿ ಬಲ್ಬ್, ಹೂವಿನ ಬುಟ್ಟಿ ಮೇಲೆ ತೂಗುಬಿಟ್ಟಿದ್ದಾರೆ. ಸದ್ದು ಬರುವುದಿಲ್ಲ. ಕ್ಯಾಮೆರಾ ತಗೊಂಡ ದಿನದಿಂದ ಸೈಲೆಂಟ್ ಮೋಡ್‌ನಲ್ಲೇ ಇಟ್ಟಿದ್ದೇನೆ. ದೇವಸ್ಥಾನದಲ್ಲಿ ಪೂಜೆ ನಡೆಯುವಾಗ ಟಕ್ ಟಕ್ ಅನ್ನಬಾರದು ಅಲ್ವಾ? ಶಟರ್ 1/1000 ಸೆಕೆಂಡ್. ದೊಡ್ಡಮ್ಮನ ಬೆರಳು ಅಷ್ಟು ವೇಗವಾಗಿ ಓಡುತ್ತದೆ.

ಬೆಳಕಿನಬುಟ್ಟಿ · ರಾತ್ರಿ 9:35
ಹಾಗಾದರೆ ನಿಮ್ಮ ಲೆನ್ಸ್ ಚೆನ್ನಾಗಿದೆ, ಸೆನ್ಸರ್ ಕೂಡ ಚೆನ್ನಾಗಿದೆ. ಧೈರ್ಯವಾಗಿರಿ.

ನಮ್ಮ ಕರೆಂಟ್ 50 ಹರ್ಟ್ಸ್. ಅಂದರೆ ಅಗ್ಗದ ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ತಿಳಿಯುವುದಿಲ್ಲ. ಸೈಲೆಂಟ್ ಮೋಡ್‌ನಲ್ಲಿ ಶಟರ್‌ನ ಪರದೆ ಓಡುವುದಿಲ್ಲ, ಸೆನ್ಸರನ್ನು ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ. 1/1000 ಅಂದರೆ ಪ್ರತಿ ಸಾಲಿಗೂ ಸಿಗುವುದು ಒಂದು ಏರಿಳಿತದ ಹತ್ತನೇ ಒಂದು ಭಾಗ. ದೀಪ ಏರಿದಾಗ ಓದಿದ ಸಾಲು ಬೆಳ್ಳಗೆ, ಇಳಿದಾಗ ಓದಿದ ಸಾಲು ಕಪ್ಪಗೆ. ನಿಮಗೆ ಆರು ಪಟ್ಟಿ ಬಂದಿದೆ ಅಂದರೆ ಕ್ಯಾಮೆರಾ ಮೇಲಿಂದ ಕೆಳಕ್ಕೆ ಓದಲು ಸುಮಾರು 6/100 ಸೆಕೆಂಡ್ ತಗೊಳ್ಳುತ್ತಿದೆ.

ದೇವಸ್ಥಾನದ ಫೋಟೋ ಸರಿ ಬಂದಿದ್ದು ಬಿಸಿಲಿನಿಂದ. ಬಿಸಿಲು ಏರಿಳಿಯುವುದಿಲ್ಲ. ಊರಿನ ದೀಪ ಸರಿ ಬಂದಿದ್ದು ಟ್ರೈಪಾಡ್ ಮೇಲೆ ಹಲವು ಸೆಕೆಂಡ್ ತೆರೆದು ಇಟ್ಟಿದ್ದರಿಂದ, ನೂರಾರು ಏರಿಳಿತ ಸೇರಿ ಸಮ ಆಗಿದೆ. ಲೆನ್ಸ್ ಬದಲಾಗಿದ್ದು ನಿಮ್ಮ ಕಣ್ಣಿಗೆ ಬಿತ್ತು. ಅದರ ಜೊತೆ ದೀಪವೂ, ಶಟರ್ ಸ್ಪೀಡೂ ಬದಲಾಗಿದ್ದು ಬೀಳಲಿಲ್ಲ.

ನಾಳೆ ಸೈಲೆಂಟ್ ತೆಗೆಯಿರಿ, ಶಟರ್ 1/100 ಅಥವಾ 1/50 ಇಡಿ. 1/60, 1/125 ಬೇಡ, ಏರಿಳಿತಕ್ಕೆ ಹೊಂದುವುದಿಲ್ಲ. ಬಲ್ಬ್ ಹೇಗಿದೆ ಅಂತ ತಿಳಿಯಬೇಕಾ? ಅದರ ಕೆಳಗೆ ಪೆನ್ಸಿಲನ್ನು ಜೋರಾಗಿ ಅಲ್ಲಾಡಿಸಿ. ಒಂದು ಪೆನ್ಸಿಲ್ ಹತ್ತು ಬಿಡಿ ಪೆನ್ಸಿಲ್ ಹಾಗೆ ಕಂಡರೆ ದೀಪ ಮಿಟುಕುತ್ತಿದೆ.

ಹಳೇ ರೀಲು · ರಾತ್ರಿ 10:00
ಮೇಡಂ ಹೇಳಿದ್ದು ಇರಬಹುದು. ಆದರೂ ಅಪರ್ಚರ್ ಎಲೆ ಒಮ್ಮೆ ನೋಡಿಬಿಡಲಿ, ತಪ್ಪೇನಿದೆ? ಹಳೆಯ ತಂತಿ ಬಲ್ಬ್ ಇದ್ದಾಗ ಈ ಕಾಟ ಇರಲಿಲ್ಲ.

ಬೆಳಕಿನಬುಟ್ಟಿ · ರಾತ್ರಿ 10:12
ಅಪರ್ಚರ್ ಕೆಟ್ಟಿದ್ದರೆ ಇಡೀ ಫೋಟೋ ಬೆಳ್ಳಗೆ ಅಥವಾ ಕಪ್ಪಗೆ ಆಗುತ್ತದೆ, ಸರಿದಾಡುವ ಪಟ್ಟಿ ಬರುವುದಿಲ್ಲ. ತಂತಿ ಬಲ್ಬ್ ಬಗ್ಗೆ ನೀವು ಹೇಳಿದ್ದು ಸರಿ ಸರ್. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ, ಹಾಗಾಗಿ ಏರಿಳಿತ ಕಡಿಮೆ.

ಕಂಬಸಾಲು · ರಾತ್ರಿ 10:30
ಒಂದು ಫ್ಲ್ಯಾಷ್ ತಗೊಂಡುಬಿಡಿ, ಎಲ್ಲ ಮುಗಿಯಿತು. ನನ್ನ ಹತ್ತಿರ ಎರಡು ಇವೆ, ಜೊತೆಗೆ ಮಡಚುವ ಸಾಫ್ಟ್‌ಬಾಕ್ಸ್.

ನಂದಿತಪ್ಪಲು · ಬುಧವಾರ ರಾತ್ರಿ 9:50
ಫ್ಲ್ಯಾಷ್ ಬೇಡ ಸರ್. ಆ ಬಲ್ಬ್ ಬೆಳಕೇ ನನಗೆ ಬೇಕು. ಕನಕಾಂಬರದ ಬಣ್ಣ ಅವರ ಕೆನ್ನೆಗೆ ಹೊಡೆಯುವುದು ಅದರಲ್ಲೇ.

ಇವತ್ತು ಸಂಜೆ ತೆಗೆದೆ. ಸೈಲೆಂಟ್ ಆಫ್, 1/100, ಎಫ್/2. ಒಂದೇ ಒಂದು ಪಟ್ಟಿ ಇಲ್ಲ! ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ, ಐಎಸ್‌ಒ, 3200 ಇದ್ದದ್ದು 400ಕ್ಕೆ ಇಳಿಯಿತು, ಚರ್ಮ ಎಷ್ಟು ನಯವಾಗಿ ಬಂದಿದೆ ಗೊತ್ತಾ? ಪೆನ್ಸಿಲ್ ಕೂಡ ಅಲ್ಲಾಡಿಸಿದೆ, ಬಿಡಿಬಿಡಿಯಾಗಿ ಕಂಡಿತು. ಬೆಳಕಿನಬುಟ್ಟಿ ಮೇಡಂ, ನಿಮ್ಮ ಉಪಕಾರ ಮರೆಯುವುದಿಲ್ಲ.

ಈಗ ಬೇರೆ ತೊಂದರೆ. ಮುಖ ಸ್ಪಷ್ಟವಾಗಿದೆ, ಬೆರಳು ಮಾತ್ರ ಕಲಸಿಹೋಗಿದೆ. ನೂಲು ಸುತ್ತುವ ಬೆರಳು ನಿಂತ ಹಾಗೆ ಬೇಕು.

ಬೆಳಕಿನಬುಟ್ಟಿ · ರಾತ್ರಿ 10:20
ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದೆಯಾ ನೋಡಿ. ಇದ್ದರೆ ದೀಪ ಏರುವ ಕ್ಷಣ ಕಾದು ಶಟರ್ ಬಿಡುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲಿ, ಅಂದರೆ ಸೈಲೆಂಟ್ ಆಫ್ ಇಟ್ಟು, 1/400 ಹಾಕಿ ನೋಡಿ. ಸೈಲೆಂಟ್‌ನಲ್ಲಿ ಆಂಟಿ-ಫ್ಲಿಕರ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ.

ಹಳೇ ರೀಲು · ರಾತ್ರಿ 10:45
ಬೆರಳು ಸ್ವಲ್ಪ ಕಲಸಿದರೆ ಇರಲಿ ಬಿಡಿ. ಹೂ ಕಟ್ಟುವ ಕೈ ನಿಂತರೆ ಅದು ಹೂ ಕಟ್ಟಿದ ಹಾಗೆ ಕಾಣುವುದಿಲ್ಲ.

ಕಂಬಸಾಲು · ರಾತ್ರಿ 10:50
ಇಲ್ಲ ಸರ್, ನೂಲಿನ ಗಂಟು ಕಾಣಬೇಕು. ಕೈಚಳಕ ಇರುವುದೇ ಅಲ್ಲಿ.

ನಂದಿತಪ್ಪಲು · ಶುಕ್ರವಾರ ರಾತ್ರಿ 9:15
ಆಂಟಿ-ಫ್ಲಿಕರ್ ಇತ್ತು. 1/400ರಲ್ಲಿ ಐದರಲ್ಲಿ ನಾಲ್ಕು ಸರಿ ಬಂದವು, ಒಂದರಲ್ಲಿ ಕೆಳಭಾಗ ಸ್ವಲ್ಪ ಕಪ್ಪು. ಗಂಟು ಹಾಕುವ ಬೆರಳು ನಿಂತಿದೆ. ಎದುರು ಅಂಗಡಿಯ ಓಡುವ ಅಕ್ಷರದ ಬೋರ್ಡ್ ಮೂಲೆಯಲ್ಲಿ ಬಂದರೆ ಅದರಲ್ಲಿ ಮಾತ್ರ ಇನ್ನೂ ತೆಳುವಾದ ಗೆರೆ ಇದೆ. 1/100ಕ್ಕೂ ಬಗ್ಗುತ್ತಿಲ್ಲ. ಅದಕ್ಕೆ ಏನಾದರೂ ಇದೆಯಾ?

ಎರಡು ಫೋಟೋ ದೊಡ್ಡಮ್ಮನಿಗೆ ಫೋನ್‌ನಲ್ಲಿ ತೋರಿಸಿದೆ. ಅವರು ಬೆರಳು ಕಲಸಿದ್ದನ್ನೇ ಆರಿಸಿದರು, ಮುಖದಲ್ಲಿ ನಗು ಅದರಲ್ಲಿ ಜಾಸ್ತಿ ಇದೆಯಂತೆ. 6000 × 4000 ಪಿಕ್ಸೆಲ್ ಇದೆ. 12 × 18 ಇಂಚಿಗೆ ಮ್ಯಾಟ್ ಕಾಗದ ಒಳ್ಳೆಯದಾ, ಗ್ಲಾಸಿ ಒಳ್ಳೆಯದಾ? ಅಂಗಡಿಯಲ್ಲೇ ನೇತುಹಾಕುತ್ತಾರಂತೆ. ಅಲ್ಲಿ ದಿನಕ್ಕೆ ಹತ್ತು ಸಲ ನೀರು ಚಿಮುಕಿಸುತ್ತಾರೆ.