ಆಟಿ ತಿಂಗಳಲ್ಲಿ ಅಪ್‌ಡೇಟ್: ತಂತ್ರಜ್ಞಾನದ ಸುದ್ದಿಯ ಮೇಲಿನ ತಮಾಷೆ ಎಲ್ಲಿಯವರೆಗೆ ಸರಿ?

ಪ್ರಶ್ನೆ: ಪೆರ್ಲದ ಮಾಸ್ಟ್ರು

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಐ.ಟಿ. ಪಾಠ ಮಾಡುವವನು ನಾನು. 2024ರ ಜುಲೈ 19ರ ಶುಕ್ರವಾರ ಭದ್ರತಾ ತಂತ್ರಾಂಶವೊಂದರ ಅಪ್‌ಡೇಟ್ ಕೆಟ್ಟು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತು, ಎಷ್ಟೋ ವಿಮಾನಗಳೂ ಹೊರಡದೆ ಉಳಿದದ್ದು ಎಲ್ಲರಿಗೂ ನೆನಪಿರಬಹುದು. ಆ ಸಂಜೆ ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ ಮಳೆ ಬಿಡುವುದನ್ನು ಕಾಯುತ್ತ ಕುಳಿತಿದ್ದ ಏಳೆಂಟು ಮಂದಿಯ ನಡುವೆ ಈ ಸುದ್ದಿ ಬಿದ್ದದ್ದೇ ತಡ, ತಮಾಷೆಗೆ ಬರವೇ ಇರಲಿಲ್ಲ. ಬೆಳಗ್ಗಿನಿಂದ ಕರೆಂಟಿಲ್ಲದೆ ಬೇಸತ್ತಿದ್ದ ಒಬ್ಬರು, "ಕರೆಂಟು ಹೋದರೆ ನಮಗೆ ಕಪ್ಪು, ಅವರಿಗೆ ನೀಲಿ, ಅಷ್ಟೇ ವ್ಯತ್ಯಾಸ" ಎಂದರು. ತುಳುವರ ಲೆಕ್ಕದಲ್ಲಿ ಹೊಸ ಕೆಲಸಕ್ಕೆ ಆಗದ ಮಳೆಗಾಲದ ತಿಂಗಳು ಆಟಿ. ಎಂಬತ್ತು ದಾಟಿದ ಹಿರಿಯರೊಬ್ಬರಂತೂ, "ಆಟಿ ಹುಟ್ಟಿ ನಾಲ್ಕು ದಿನ ಆಗಿಲ್ಲ, ಆಟಿಯಲ್ಲಿ ಯಾರಾದರೂ ಹೊಸ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಅವರ ಮನೆಯಲ್ಲಿ ಹೇಳಿಕೊಡಲು ಅಜ್ಜಿ ಇರಲಿಲ್ಲವೋ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ನಾನೂ ಸುಮ್ಮನಿರದೆ, "ನಮ್ಮ ಶಾಲೆಯ ಲಿನಕ್ಸನ್ನು ಎರವಲು ಕೇಳಿದ್ದರೆ ಕೊಡುತ್ತಿದ್ದೆವು" ಎಂದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ವಿಂಡೋಸಿನ ಬದಲು ರಾಜ್ಯ ಸರಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದಲ್ಲೇ ಆದುದರಿಂದ ಈ ಮಾತಿಗೆ ಜಗಲಿಯಲ್ಲಿ ಒಳ್ಳೆಯ ಬೆಲೆ ಬಂತು.

ಸೋಮವಾರ ಅದೇ ಮಾತನ್ನು ತರಗತಿಯಲ್ಲಿಯೂ ಆಡಿದೆ. ಕೆಲವು ವಾರಗಳ ಬಳಿಕ ಕೊಟ್ಟ ಕಿರುಪರೀಕ್ಷೆಯಲ್ಲಿ ಮುಕ್ತ ತಂತ್ರಾಂಶದ ಒಂದು ಅನುಕೂಲವನ್ನು ಬರೆಯಲು ಹೇಳಿದ್ದಕ್ಕೆ ಒಬ್ಬ ಹುಡುಗ, "ಲಿನಕ್ಸ್ ಎಂದಿಗೂ ಕೆಡುವುದಿಲ್ಲ" ಎಂದು ಬರೆದಿದ್ದಾನೆ. ಒಂದು ಅಂಕದ ಪ್ರಶ್ನೆ. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ತಪ್ಪು ಹಾಕಲು ಕೈ ಬರಲಿಲ್ಲ, ಏಕೆಂದರೆ ಆ ವಾಕ್ಯದ ಮೂಲ ಲೇಖಕ ನಾನೇ. ನನ್ನ ತಮಾಷೆಯಲ್ಲಿ ಸುಳ್ಳಿನ ಪಾಲು ಎಷ್ಟು? ಇಂತಹ ಸುದ್ದಿಗಳ ಬಗ್ಗೆ ತಮಾಷೆ ಮಾಡುವುದನ್ನೇ ಬಿಡಬೇಕೇ, ಅಥವಾ ಮಾಡುವ ಕ್ರಮವೊಂದಿದೆಯೇ? ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕುಂಬಳೆಯಿಂದ ಬೆಂಗಳೂರಿಗೆ

ಮಾಸ್ಟ್ರೇ, ನಾನೂ ನಿಮ್ಮಂಥವರ ಕೈಕೆಳಗೆ ಲಿನಕ್ಸ್ ಕಲಿತು ಈಗ ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವವನು. ಆ ದಿನ ನಮ್ಮ ಕಚೇರಿಯಲ್ಲಿ ಅತಿ ಹೆಚ್ಚು ಓಡಾಡಿದ ತಮಾಷೆ, "ಶುಕ್ರವಾರ ಅಪ್‌ಡೇಟ್ ಕಳುಹಿಸಿದವರ ಗತಿ ಇದು" ಎಂಬುದು. ವಾರಾಂತ್ಯದಲ್ಲಿ ಸರಿಪಡಿಸಲು ಜನ ಸಿಗುವುದಿಲ್ಲವೆಂಬ ಕಾರಣಕ್ಕೆ ನಮ್ಮ ವೃತ್ತಿಯಲ್ಲಿ ಶುಕ್ರವಾರ ಹೊಸದನ್ನು ಹೊರಬಿಡಬಾರದೆಂಬ ನಂಬಿಕೆಯಿದೆ. ಅದು ನಮ್ಮ ಪಾಲಿನ ಆಟಿ ಎನ್ನಬಹುದು. ನಾನೂ ಅದಕ್ಕೆ ನಕ್ಕಿದ್ದೆ. ಆದರೆ ಆಮೇಲೆ ಬಂದ ವಿವರಗಳನ್ನು ಓದಿದಾಗ ಆ ತಮಾಷೆಯ ಬಾಣ ಗುರಿಗೆ ತಾಗಿಯೇ ಇರಲಿಲ್ಲವೆಂದು ಅರಿವಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಅಪ್‌ಡೇಟಿನ ಆ ಕಡತವನ್ನು ಕಳುಹಿಸಿದ್ದು ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ. ಕಂಪನಿಯ ನೆಲೆಯಾದ ಟೆಕ್ಸಾಸಿನಲ್ಲಿ ಆಗ ಇನ್ನೂ ಗುರುವಾರ ರಾತ್ರಿ. ಅಲ್ಲದೆ ಹೊಸ ದಾಳಿಗಳನ್ನು ಗುರುತಿಸಲು ಕಳುಹಿಸುವ ಇಂತಹ ಕಡತಗಳು ವಾರ ನೋಡಿ ಹೊರಡುವಂಥವಲ್ಲ, ಕಳ್ಳನು ಶುಕ್ರವಾರ ರಜೆ ಹಾಕುವುದಿಲ್ಲವಷ್ಟೆ.

ನಿಜವಾದ ದೋಷ ಇದಕ್ಕಿಂತ ಸಣ್ಣದು ಮತ್ತು ನನ್ನ ಮಟ್ಟಿಗೆ ಇದಕ್ಕಿಂತ ತಮಾಷೆಯದು. ಕಡತವನ್ನು ಓದುವ ವ್ಯವಸ್ಥೆಯ ನಕ್ಷೆಯಲ್ಲಿ 21 ಅಂಕಣಗಳಿದ್ದವು, ಆದರೆ ಅದಕ್ಕೆ ಮಾಹಿತಿ ಒದಗಿಸುವ ಭಾಗ ಕೊಡುತ್ತಿದ್ದದ್ದು 20 ಮಾತ್ರ. ಫೆಬ್ರವರಿಯಿಂದ ಜುಲೈವರೆಗೂ 21ನೆಯ ಅಂಕಣದಲ್ಲಿ "ಏನಿದ್ದರೂ ಆದೀತು" ಎಂಬ ಗುರುತಷ್ಟೇ ಇದ್ದುದರಿಂದ ಯಂತ್ರ ಅಲ್ಲಿಗೆ ಕಣ್ಣು ಹಾಯಿಸುವ ಪ್ರಸಂಗವೇ ಬಂದಿರಲಿಲ್ಲ. ಆ ದಿನ ಮೊದಲ ಬಾರಿಗೆ ಅಲ್ಲಿ ನಿರ್ದಿಷ್ಟವಾದ ಒಂದನ್ನು ಹುಡುಕಲು ಹೇಳಲಾಯಿತು. ಇಪ್ಪತ್ತು ಎಲೆ ಹಾಕಿದ ಪಂಕ್ತಿಯಲ್ಲಿ ಇಪ್ಪತ್ತೊಂದನೆಯ ಎಲೆಗೆ ಅನ್ನ ಬಡಿಸಲು ಹೋದವನು ಜಗಲಿಯಿಂದ ಅಂಗಳಕ್ಕೆ ಬಿದ್ದಂತೆ ಅದು ಬಿತ್ತು. ಆ ತಂತ್ರಾಂಶ ವಿಂಡೋಸಿನ ಗರ್ಭಗುಡಿಯಾದ ಕರ್ನೆಲ್ ಒಳಗೆ ಕೆಲಸ ಮಾಡುತ್ತಿದ್ದುದರಿಂದ ಬಿದ್ದವನು ಒಬ್ಬನೇ ಬೀಳದೆ ಇಡೀ ಚಪ್ಪರವನ್ನು ಎಳೆದುಕೊಂಡು ಬಿದ್ದ. 10 ಗಂಟೆ 57 ನಿಮಿಷಕ್ಕೆ ಕಡತವನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಬಿದ್ದ ಯಂತ್ರಗಳು ಸರಿಯಾಗಿ ಏಳದೆ ಇದ್ದುದರಿಂದ, ಬಹುಪಾಲು ಕಡೆ ಒಂದೊಂದರ ಮುಂದೆಯೂ ಮನುಷ್ಯರೇ ಕುಳಿತು, ತೀರ ಅಗತ್ಯದ ಭಾಗಗಳಷ್ಟೇ ನಡೆಯುವ ಸೇಫ್ ಮೋಡಿನಲ್ಲಿ ಆ ಕಡತವನ್ನು ಅಳಿಸಬೇಕಾಯಿತು.

ನಿಮ್ಮ ಲಿನಕ್ಸ್ ಮಾತಿಗೆ ಬರುತ್ತೇನೆ. ಆ ದಿನ ಆ ಕಡತದಿಂದ ಲಿನಕ್ಸ್ ಯಂತ್ರಗಳು ಬೀಳಲಿಲ್ಲವೆಂಬಷ್ಟು ನಿಜ. ಆದರೆ ಕರ್ನೆಲ್ ಒಳಗೆ ಬಿಟ್ಟುಕೊಂಡ ಅತಿಥಿ ಎಡವಿದರೆ ಲಿನಕ್ಸೂ ಬೀಳುತ್ತದೆ. ಅದೇ ವರ್ಷ ಮಾರ್ಚ್ 29ರಂದು ಹೊರಬಂದ ಎಕ್ಸ್‌ಝಡ್ ಪ್ರಕರಣವನ್ನು ನಿಮ್ಮ ಮಕ್ಕಳಿಗೆ ದಯವಿಟ್ಟು ಹೇಳಿ. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಸಣ್ಣ ಮುಕ್ತ ತಂತ್ರಾಂಶ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಳ್ಮೆಯಿಂದ ನೆರವಾಗಿ, ದಣಿದಿದ್ದ ಒಬ್ಬಂಟಿ ನಿರ್ವಾಹಕರ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗಲು ಹಿಂಬಾಗಿಲೊಂದನ್ನು ಇಟ್ಟಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿ ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್, ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟಿನ ಉದ್ಯೋಗಿ! ಹಿಂಬಾಗಿಲು ಮುಖ್ಯ ಲಿನಕ್ಸ್ ವಿತರಣೆಗಳ ಸ್ಥಿರ ಆವೃತ್ತಿಗಳನ್ನು ತಲುಪುವ ಮೊದಲೇ ಸಿಕ್ಕಿಬಿದ್ದದ್ದರಿಂದ ಅಂದು ಯಾವ ವಿಮಾನವೂ ನಿಲ್ಲಲಿಲ್ಲ, ಆದುದರಿಂದ ನಿಮ್ಮ ಜಗಲಿಗೂ ಆ ಸುದ್ದಿ ಬರಲಿಲ್ಲ. ಲಿನಕ್ಸನ್ನು ಎರವಲು ಕೊಡುವ ಮಾತಾಡುವಾಗ ಆ ಋಣವನ್ನೂ ನೆನೆಯಬೇಕಾಗುತ್ತದೆ.

ಉತ್ತರ: ತೋಟದ ಮೂಲೆ, ಮುಳ್ಳೇರಿಯ

ನನಗೆ ಈ ಚರ್ಚೆಯೇ ಸ್ವಲ್ಪ ಅತಿಯೆನಿಸುತ್ತದೆ. ಮಳೆಗೆ ಸಿಕ್ಕಿಬಿದ್ದವರು ಜಗಲಿಯಲ್ಲಿ ಆಡಿದ ಮಾತಿಗೆ ಪ್ರಮಾಣಪತ್ರ ಕೇಳುವುದೆಂದರೆ ಚಕ್ಕುಲಿಯ ಸುತ್ತು ಎಣಿಸಿದಂತೆ. ಆ ಹಿರಿಯರಿಗೆ ಆಟಿಯಲ್ಲಿ ಅಪ್‌ಡೇಟ್ ಮಾಡಿದ್ದರಿಂದಲೇ ಕಂಪ್ಯೂಟರ್ ನಿಂತಿತೆಂಬ ಭ್ರಮೆಯೇನೂ ಇರಲಾರದು, ನಕ್ಕವರಿಗೂ ಇರಲಾರದು.

ಆದರೂ ಕುಂಬಳೆಯವರು ಬರೆದದ್ದನ್ನು ಓದಿದ ಮೇಲೆ ಒಂದು ಸಂಶಯ ಉಳಿಯಿತು. ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ನಾವು ಮೈಲುತುತ್ತು ಮತ್ತು ಸುಣ್ಣದ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಅದರಲ್ಲಿ ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ, ಆ ದ್ರಾವಣವನ್ನು ಹಾಗೆಯೇ ಮರಕ್ಕೆ ಬಿಟ್ಟರೆ ಎಳೆಗಾಯಿ ಸುಟ್ಟುಹೋಗುತ್ತದೆ. ಇಷ್ಟು ದೊಡ್ಡ ಕಂಪನಿಗೆ ಅದ್ದಿ ನೋಡಲು ಒಂದು ಚಾಕು ಇರಲಿಲ್ಲವೇ?

ಉತ್ತರ: ಕುಂಬಳೆಯಿಂದ ಬೆಂಗಳೂರಿಗೆ

ಚಾಕು ಇತ್ತು ಅಣ್ಣ, ಕೆಂಪು ಕೂರಲಿಲ್ಲ. ಕಡತವನ್ನು ಹೊರಬಿಡುವ ಮೊದಲು ತಪಾಸಣೆ ಮಾಡುವ ತಂತ್ರಾಂಶವೂ 21 ಅಂಕಣಗಳಿವೆಯೆಂದೇ ನಂಬಿ ಒಪ್ಪಿಗೆ ಕೊಟ್ಟಿತ್ತು. ಅದಕ್ಕಿಂತ ದೊಡ್ಡ ಲೋಪವೆಂದರೆ ಮೊದಲು ಒಂದು ಸಾಲು ಮರಗಳಿಗೆ ಬಿಟ್ಟು ನೋಡುವ ಕ್ರಮ ಈ ಬಗೆಯ ಕಡತಗಳಿಗೆ ಇರಲಿಲ್ಲ. ಇಡೀ ತೋಟಕ್ಕೆ ಒಂದೇ ಏಟಿಗೆ ಹೋಯಿತು. ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವುದಾಗಿ ಕಂಪನಿಯೇ ಆಮೇಲೆ ಹೇಳಿತು. ನೋಡಿ, ನಿಮ್ಮ ಚಾಕುವಿನ ಮಾತು ಆ ದಿನ ನಾನು ಕೇಳಿದ ಎಲ್ಲ ತಮಾಷೆಗಳಿಗಿಂತ ಗುರಿಗೆ ಹತ್ತಿರ ಬಂದಿದೆ, ತಮಾಷೆಯೆಂದು ನೀವು ಹೇಳಿಕೊಳ್ಳದಿದ್ದರೂ.

ಉತ್ತರ: ಕೌಂಟರಿನ ಆಚೆ ಬದಿ

ಮಂಜೇಶ್ವರದ ಕಡೆ ಜನರಿಗೆ ಅರ್ಜಿ ತುಂಬಿಕೊಡುವ ಸೇವಾ ಕೇಂದ್ರದಲ್ಲಿ ಕುಳಿತುಕೊಳ್ಳುವವಳು ನಾನು. ಆ ದಿನ ನಮ್ಮಲ್ಲಿ ಒಂದು ಕಂಪ್ಯೂಟರೂ ನೀಲಿಯಾಗಲಿಲ್ಲ. ದೊಡ್ಡ ಸಂಸ್ಥೆಗಳು ಹಣ ಕೊಟ್ಟು ಹಾಕಿಸಿಕೊಳ್ಳುವ ತಂತ್ರಾಂಶ ಅದು, ನಮ್ಮಂಥವರಲ್ಲಿ ಇರುವುದಿಲ್ಲ. ವಿಂಡೋಸ್ ಯಂತ್ರಗಳಲ್ಲಿ ಬಿದ್ದದ್ದು ಶೇಕಡಾ ಒಂದಕ್ಕಿಂತಲೂ ಕಡಿಮೆಯೆಂದು ಮೈಕ್ರೋಸಾಫ್ಟ್ ಹೇಳಿತ್ತು. ಆದರೂ ಶನಿವಾರ ಬಂದವರಲ್ಲಿ ಅರ್ಧ ಜನ ಕನ್ನಡ, ತುಳು, ಮಲಯಾಳ ಮೂರರಲ್ಲಿಯೂ ಒಂದೇ ತಮಾಷೆ ಮಾಡಿದರು: "ನಿಮ್ಮದು ನೀಲಿ ಆಯಿತೋ, ಇಲ್ಲ ಎಂದಿನಂತೆ ಸರ್ವರ್ ಇಲ್ಲವೋ?" ಮೊದಲ ಸಲ ನಕ್ಕೆ. ಹತ್ತನೆಯ ಸಲವೂ ನಗಬೇಕಾಗುತ್ತದೆ, ಏಕೆಂದರೆ ಕೌಂಟರಿನಲ್ಲಿರುವವರು ನಗದಿದ್ದರೆ ಅಹಂಕಾರವೆನ್ನುತ್ತಾರೆ. ಸರ್ವರ್ ಇರುವುದು ಎಲ್ಲಿಯೋ, ಅದನ್ನು ನಡೆಸುವವರು ಯಾರೋ, ಆದರೆ ತಮಾಷೆ ಬಂದು ಬೀಳುವುದು ಎದುರಿಗೆ ಕಾಣುವ ಮುಖದ ಮೇಲೆ.

ಆ ವಾರ ವಿಮಾನ ನಿಲ್ದಾಣದ ಸಿಬ್ಬಂದಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸಿನ ಚಿತ್ರವೂ ಬಹಳ ಓಡಾಡಿತು, "ಡಿಜಿಟಲ್ ಇಂಡಿಯಾ" ಎಂಬ ಅಡಿಟಿಪ್ಪಣಿಯೊಂದಿಗೆ. ಎಲ್ಲರೂ ನಕ್ಕ ಆ ಚಿತ್ರದಲ್ಲಿ ನಾನು ಕಂಡದ್ದು ಅಕ್ಷರವನ್ನು. ಹೆಸರು, ಆಸನದ ಸಂಖ್ಯೆ, ಹೊರಡುವ ವೇಳೆ ಎಲ್ಲವೂ ಓದಲು ಬರುವಂತಿದ್ದವು. ಹಿಂದೆ ಸರತಿಯಲ್ಲಿ ನೂರಾರು ಜನ ಗದ್ದಲ ಮಾಡುತ್ತಿರುವಾಗ ಹಾಗೆ ಬರೆಯುವುದು ಸುಲಭವಲ್ಲ. ನಾನೂ ಟೋಕನ್‌ಗಳನ್ನು ಇಂದಿಗೂ ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತೇನೆ, ಅದನ್ನು ಕಂಡು ನಗುವವರಿದ್ದಾರೆ. ಮಾಸ್ಟ್ರು ತಮಾಷೆ ಬಿಡಬೇಕೆಂದು ನಾನು ಹೇಳಲಾರೆ, ಯಾರ ಮೇಲೆ ಎಂಬುದನ್ನಷ್ಟೇ ನೋಡಿಕೊಂಡರೆ ಸಾಕು.

ಉತ್ತರ: ಎದುರು ಅರ್ಥ

ನಮ್ಮದು ತಾಳಮದ್ದಳೆಯ ನೆಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯೂ ತಾಳಮದ್ದಳೆಯ ಮಾತುಗಾರ ಶೇಣಿ ಗೋಪಾಲಕೃಷ್ಣ ಭಟ್ಟರ ಶೇಣಿಯೂ ಇದೇ ಜಿಲ್ಲೆಯವು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ 'ಅರ್ಥ' ಎಂಬ ಮಾತಿನಿಂದ ಎದುರಾಳಿಯನ್ನು ಸೋಲಿಸುವ ಕಲೆಯನ್ನು ಕೇಳುತ್ತ ಬೆಳೆದ ನಮಗೆ ಈ ಪ್ರಶ್ನೆ ಹೊಸದಾಗಬಾರದಿತ್ತು. ಅಲ್ಲಿ ಹಾಸ್ಯಕ್ಕೆ ಕೊರತೆಯಿಲ್ಲ. ಆದರೆ ಎದುರಿನವರು ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ಬರಿಯ ಚಟಾಕಿ ಹಾರಿಸಿ ಭಾಗವತರ ಮುಂದಿನ ಪದ್ಯಕ್ಕೆ ಕಾಯುವ ಅರ್ಥಧಾರಿಯನ್ನು ನಮ್ಮ ಸಭೆ ಕ್ಷಮಿಸುವುದಿಲ್ಲ, ಮನೆಗೆ ಹೋಗುವ ದಾರಿಯಲ್ಲಿ, "ನಗಿಸಿದರು ಸರಿ, ವಾದಕ್ಕೆ ಉತ್ತರ ಎಲ್ಲಿ?" ಎಂದು ಕೇಳಿಯೇ ಕೇಳುತ್ತದೆ. ಮಾಸ್ಟ್ರು ಜಗಲಿಯಲ್ಲಿ ಚಟಾಕಿ ಹಾರಿಸಿದ್ದು ತಪ್ಪಲ್ಲ, ಅಲ್ಲಿ ಎದುರು ಅರ್ಥ ಹೇಳಬಲ್ಲವರು ಏಳೆಂಟು ಮಂದಿ ಇದ್ದರು. ತರಗತಿಯಲ್ಲಿ ಎದುರು ಅರ್ಥವೇ ಇರಲಿಲ್ಲ. ಮೇಜಿನ ಈಚೆ ನಿಂತವರು ಹೇಳಿದ್ದೆಲ್ಲ ಅಲ್ಲಿ ನೋಟ್ಸ್ ಆಗುತ್ತದೆ.

ತೋಟದ ಮೂಲೆಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಆಟಿಯ ಮಾತು ಭ್ರಮೆ ಹುಟ್ಟಿಸದೆ ಇದ್ದುದಕ್ಕೆ ಕಾರಣ ಅದು ಕಣ್ಣಿಗೆ ಕಾಣುವಷ್ಟು ಅಸಂಭವವಾಗಿದ್ದುದು. ಶುಕ್ರವಾರದ ಮಾತು, ಲಿನಕ್ಸಿನ ಮಾತು ಹಾಗಲ್ಲ, ನಿಜದಂತೆಯೇ ಕೇಳಿಸುತ್ತವೆ.

ಉತ್ತರ: ತೋಟದ ಮೂಲೆ, ಮುಳ್ಳೇರಿಯ

ಹಾಗಾದರೆ ನಿಜದಂತೆ ಕೇಳಿಸುವ ಯಾವ ತಮಾಷೆಯನ್ನೂ ಮಾಡಬಾರದೆಂದಾಯಿತು. ಉಳಿಯುವುದು ಆನೆ, ಇರುವೆಯ ಕಥೆ ಮಾತ್ರ. ನಾನು ಒಪ್ಪುವುದಿಲ್ಲ.

ಉತ್ತರ: ಪೆರ್ಲದ ಮಾಸ್ಟ್ರು

ಎಲ್ಲರಿಗೂ ಧನ್ಯವಾದಗಳು. ಮುಖ್ಯವಾಗಿ ಕೌಂಟರಿನ ಆಚೆ ಬದಿಯ ಅಕ್ಕನಿಗೆ. ಆ ಬೋರ್ಡಿಂಗ್ ಪಾಸಿನ ಚಿತ್ರವನ್ನು ಅಡಿಟಿಪ್ಪಣಿ ಸಹಿತ ನಾಲ್ಕು ಗುಂಪುಗಳಿಗೆ ಕಳುಹಿಸಿದವರಲ್ಲಿ ನಾನೂ ಒಬ್ಬ.

ಎಕ್ಸ್‌ಝಡ್ ಪ್ರಕರಣವನ್ನು ಬುಧವಾರ ಹತ್ತನೆಯ ತರಗತಿಯಲ್ಲಿ ಹೇಳಿದೆ. ಅರ್ಧ ಸೆಕೆಂಡಿನ ಜಾಗಕ್ಕೆ ಬಂದಾಗ ಹಿಂದಿನ ಬೆಂಚೂ ನಿಶ್ಶಬ್ದವಾಯಿತು. ಆ ಹುಡುಗನಿಗೆ ಅರ್ಧ ಅಂಕ ಕೊಟ್ಟಿದ್ದೆ. ಪಾಠ ಮುಗಿದ ಮೇಲೆ ಅವನು ಉತ್ತರಪತ್ರಿಕೆ ಹಿಡಿದುಕೊಂಡು ಬಂದು, "ಸರ್, ತಪ್ಪು ನಿಮ್ಮದಾದರೆ ಅರ್ಧ ಅಂಕ ನನ್ನದು ಯಾಕೆ ಹೋಗಬೇಕು?" ಎಂದು ಬಹಳ ವಿನಯದಿಂದಲೇ ಕೇಳಿದ. ಎದುರು ಅರ್ಥ ಸಿಕ್ಕಿತು. ಉತ್ತರವಿಲ್ಲದೆ ಒಂದು ಅಂಕ ಪೂರ್ತಿ ಮಾಡಿದೆ, ಪಕ್ಕದಲ್ಲಿ "ಕೆಡುತ್ತದೆ" ಎಂದು ಬರೆದು ಸಹಿಯನ್ನೂ ಹಾಕಿದೆ.

ಅದೇ ಸಂಜೆ ವಾಚನಾಲಯದಲ್ಲಿ ಆ ಹಿರಿಯರಿಗೆ ಅಂಕಣಗಳ ಲೆಕ್ಕವನ್ನು ಕುಂಬಳೆಯವರ ಪಂಕ್ತಿಯ ಮಾತಿನಲ್ಲೇ ವಿವರಿಸಿ, ವಾರ ತಿಥಿಗೂ ಇದಕ್ಕೂ ಸಂಬಂಧವಿಲ್ಲ, ಕಡತ ಹೊರಟಾಗ ಅಮೆರಿಕದಲ್ಲಿ ಶುಕ್ರವಾರವೂ ಆಗಿರಲಿಲ್ಲ, ಗುರುವಾರವಿತ್ತು ಎಂದು ತಿಳಿಸಿದೆ. ಅವರು ಎಲೆಯಡಿಕೆಯ ಸಂಚಿಯನ್ನು ಕಟ್ಟುತ್ತ ಎಲ್ಲವನ್ನೂ ಗಮನವಿಟ್ಟು ಕೇಳಿ, "ಗುರುವಾರ ಇದ್ದೀತು ಮಾಸ್ಟ್ರೇ, ಆದರೆ ಆಟಿ ಹೌದಲ್ಲ?" ಎಂದರು.