ವೀರಪ್ಪನ್ ಅಷ್ಟು ವರ್ಷ ಸಿಗಲಿಲ್ಲ ಯಾಕೆ? ಎಸ್‌ಟಿಎಫ್‌ನಲ್ಲಿ (ಅವನನ್ನು ಹಿಡಿಯೋಕೆ ಮಾಡಿದ್ದ ವಿಶೇಷ ಪೊಲೀಸ್ ಪಡೆ) ಇದ್ದವರು ಯಾರಾದರೂ ಇದ್ದೀರಾ?

ಸಿಂದಗಿ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ನಿನ್ನೆ ಊಟ ಆದ ಮೇಲೆ ರೂಮಿನಲ್ಲಿ ವೀರಪ್ಪನ್ ಬಗ್ಗೆ ಜೋರು ವಾದ ಆಯ್ತು. ಒಬ್ಬ "ಬಡವರಿಗೆ ಹಂಚುತ್ತಿದ್ದ, ಅದಕ್ಕೇ ಜನ ಬಿಟ್ಟುಕೊಡಲಿಲ್ಲ" ಅಂದ. ಇನ್ನೊಬ್ಬ "ಪೊಲೀಸರೇ ದುಡ್ಡು ತಿಂದು ಬಿಟ್ಟರು" ಅಂದ. ನನಗೆ ಎರಡೂ ಪೂರ್ತಿ ಸರಿ ಅನ್ನಿಸಲಿಲ್ಲ.

ನಾನು ಭೀಮಾ ತೀರದವನು. ಕೊಲೆ ಮಾಡಿ ಕಬ್ಬಿನ ಹೊಲ ಹೊಕ್ಕವರ ಕಥೆ ಕೇಳುತ್ತಲೇ ಬೆಳೆದವನು. ಆದರೆ ಅವರೆಲ್ಲ ಇವತ್ತಲ್ಲ ನಾಳೆ ಸಿಗುತ್ತಾರೆ. ಈ ಮನುಷ್ಯ 1986ರಲ್ಲಿ ಒಮ್ಮೆ ಸಿಕ್ಕು ತಪ್ಪಿಸಿಕೊಂಡವನು 2004ರವರೆಗೆ ಕೈಗೆ ಬರಲೇ ಇಲ್ಲ. ಎರಡು ರಾಜ್ಯದ ಪೊಲೀಸರು, ಮೇಲೆ ಬಿಎಸ್‌ಎಫ್ ಬೇರೆ. ಹೆಂಗೆ? ನಮ್ಮ ಕಡೆಯಿಂದಲೂ ಪೊಲೀಸರು ಹೋಗಿದ್ದರಂತೆ. ಗೊತ್ತಿದ್ದ ಹಿರಿಯರು ಹೇಳಿ. ಅವನ ಕಡೆಯವರು ಬೆಳಗಾವಿ ಹಿಂಡಲಗಾ ಜೈಲಿನಲ್ಲಿದ್ದರು ಅನ್ನೋದೂ ನಿಜಾನಾ?

ಜಮಖಂಡಿ ಕಾಕಾ:

ತಮ್ಮಾ, ನಾನು ಕೆಎಸ್‌ಆರ್‌ಪಿಯಲ್ಲಿ (ರಾಜ್ಯ ಮೀಸಲು ಪೊಲೀಸ್) ಇದ್ದವನು. ಈಗ ನಿವೃತ್ತಿ ಆಗಿ ಹೊಲ ನೋಡಿಕೊಂಡಿದ್ದೇನೆ. ಪಾಲಾರ್ ಸ್ಫೋಟ ಆದ ಮೇಲೆ ನಮ್ಮನ್ನು ಎಸ್‌ಟಿಎಫ್ ಡ್ಯೂಟಿಗೆ ಹಾಕಿದರು. ಆಗ ಕರ್ನಾಟಕದ ಪಡೆಗೆ ಶಂಕರ ಬಿದರಿ ಸಾಹೇಬರು ಮುಖ್ಯಸ್ಥರು, ನಮ್ಮ ಬನಹಟ್ಟಿಯವರು. ನನ್ನಂಥ ಪೇದೆಗೆ ಅವರ ಮುಂದೆ ನಿಂತು ಮಾತಾಡೋ ಪ್ರಸಂಗ ಬರಲಿಲ್ಲ. ಆದರೂ ಊರ ಕಡೆಯವರು ಅನ್ನೋ ಹೆಮ್ಮೆ ಇತ್ತು.

ಮೊದಲು ಕಾಡಿನ ಮಾತು. ನಮ್ಮ ಎರಿ ಹೊಲದಲ್ಲಿ ನಿಂತರೆ ಮೈಲಿ ದೂರದ ಎತ್ತಿನ ಗಾಡಿ ಕಾಣುತ್ತದೆ. ಅಲ್ಲಿ ನಿನ್ನ ಮುಂದೆ ನಡೆಯುವವನ ಬೆನ್ನು ಕಂಡರೆ ಪುಣ್ಯ. ಲಂಟಾನ ಪೊದೆ, ಬಿದಿರು ಮೆಳೆ, ಕಾಲ ಕೆಳಗೆ ಒಣಗಿದ ಎಲೆ. ಮೈ ತುಂಬಾ ಉಣ್ಣಿ. ರಾತ್ರಿ ಹೊಂಚು ಹಾಕಿ ಕೂತರೆ ಬೀಡಿ ಹಚ್ಚೋ ಹಾಗಿಲ್ಲ, ಕೆಮ್ಮು ಬಂದರೆ ಟವೆಲ್ ಬಾಯಿಗೆ ತುರುಕಬೇಕು. ಒಲೆ ಹಚ್ಚಿದರೆ ಹೊಗೆ ಕಾಣುತ್ತದೆ ಅಂತ ನಾನು ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮಂಡ್ಯ ಕಡೆಯ ಹುಡುಗರು "ಏನಣ್ಣ ಇದು, ಹಪ್ಪಳಾನಾ?" ಅಂತ ನಕ್ಕರು. ಆಮೇಲೆ ಅವರೇ ಇಸ್ಕೊಂಡು ತಿಂದರು. ರೊಟ್ಟಿ ಮುರಿಯೋ ಸದ್ದು ಜಾಸ್ತಿ ಅಂತ ನಮ್ಮ ಎಸ್‌ಐ ಬೈದು, ನೀರಲ್ಲಿ ನೆನೆಸಿ ತಿನ್ನಿ ಅಂದರು!

ಆದರೆ ಕಾಡು ದಟ್ಟ ಇತ್ತು, ಅದಕ್ಕೇ ಸಿಗಲಿಲ್ಲ ಅನ್ನೋದು ಅರ್ಧ ಮಾತು. ಊರಿನವರ ಬಾಯಿ ಮುಚ್ಚಿತ್ತು, ಅದಕ್ಕೆ ಸಿಗಲಿಲ್ಲ. ಪೊಲೀಸರಿಗೆ ಸುದ್ದಿ ಕೊಟ್ಟ ಅಂತ ಸಂಶಯ ಬಂದರೆ ಸಾಕು, ತನ್ನ ಊರವನಾದರೂ ಕೊಲ್ಲುತ್ತಿದ್ದ. ನಿನ್ನ ರೂಮಿನ ಗೆಳೆಯ "ಬಡವರಿಗೆ ಹಂಚಿದ" ಅಂತಾನಲ್ಲ, ಹಾಗೆ ಸತ್ತವರು ಯಾರು ಅಂತ ಕೇಳು. ದನ ಕಾಯೋರು, ಕೂಲಿ ಮಾಡೋರು. ಗಂಧದ ಮರ ಕಡಿಯೋಕೆ ಕೂಲಿ ಕೊಟ್ಟ, ಅದು ನಿಜ. ಬೇರೆ ಕೆಲಸ ಇಲ್ಲದ ಕಡೆ ಅದೇ ದೊಡ್ಡ ಉಪಕಾರ ಅನ್ನಿಸಿರಬಹುದು. ಹೆದರಿಕೆ, ಋಣ ಎರಡೂ ಸೇರಿದರೆ ಯಾರು ಬಾಯಿ ಬಿಡ್ತಾರೆ?

ಶ್ರೀನಿವಾಸ್ ಅವರ ಕಥೆ ಗೊತ್ತಿಲ್ಲದೆ ಇವನ ಬಗ್ಗೆ ಮಾತಾಡಬಾರದು ಅಂತ ನನ್ನ ಅಭಿಪ್ರಾಯ. ಪಿ. ಶ್ರೀನಿವಾಸ್, ಐಎಫ್‌ಎಸ್ (ಅರಣ್ಯ ಸೇವೆ) ಅಧಿಕಾರಿ, ಆಂಧ್ರದವರು. ಬಂದೂಕಿನಿಂದ ಇದು ಆಗಲ್ಲ ಅಂತ ವೀರಪ್ಪನ್ ಹುಟ್ಟಿದ ಗೋಪಿನಾಥಂಗೇ ಹೋಗಿ ಉಳಿದರು. ಜನರಿಗೆ ಔಷಧಿ ಕೊಟ್ಟರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ಅವರಿಂದಾಗಿ ಇವನ ಕಡೆಯ ಕೆಲವರು ಶರಣಾದರು. ಇವನಿಗೆ ಅದೇ ಉರಿ. ನಾನೂ ಶರಣಾಗ್ತೀನಿ, ಆಯುಧ ಇಲ್ಲದೆ ಬನ್ನಿ ಅಂತ ಹೇಳಿ ಕಳಿಸಿದ. ಅವರು ನಂಬಿ ಹೋದರು. 1991ರ ನವೆಂಬರ್ 10. ಗುಂಡು ಹೊಡೆದು ತಲೆ ಕಡಿದ. ಸರ್ಕಾರ ಆಮೇಲೆ ಕೀರ್ತಿ ಚಕ್ರ ಕೊಟ್ಟಿತು. ಗೋಪಿನಾಥಂ ಜನ ಇವತ್ತಿಗೂ ಅವರ ಫೋಟೋ ಇಟ್ಟು ನೆನೆಸುತ್ತಾರೆ. ಹೀರೋ ಯಾರು ಅನ್ನೋ ವಾದಕ್ಕೆ ಆ ಊರೇ ಉತ್ತರ ಕೊಟ್ಟಿದೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳೋದು?

ಮುಂದಿನ ವರ್ಷ ಅವನ ಬಲಗೈ ಗುರುನಾಥನ್ ಪೊಲೀಸರ ಕೈಯಲ್ಲಿ ಸತ್ತ. ಆ ಸೇಡಿಗೆ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಐದು ಪೊಲೀಸರನ್ನು ಕೊಂದರು. ಆಗಸ್ಟ್ 14ಕ್ಕೆ ಮೀಣ್ಯಂ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತು ಜೊತೆಗಿದ್ದವರನ್ನು ಬಲೆಗೆ ಕರೆಸಿ ಹೊಡೆದರು. ಅಲ್ಲೂ ಅದೇ ಆಟ, ಸುಳ್ಳು ಸುದ್ದಿ ಕೊಟ್ಟು ಕರೆಸೋದು. 1993ರ ಏಪ್ರಿಲ್ 9ಕ್ಕೆ ಪಾಲಾರ್ ಹತ್ತಿರ ರಸ್ತೆಯಲ್ಲಿ ನೆಲಬಾಂಬ್. 22 ಜನ ಸತ್ತರು. ನಾವು ಹೋದಾಗ ಹಳಬರು ಆ ರಸ್ತೆಯಲ್ಲಿ ಜೀಪ್ ಬಿಟ್ಟು ಇಳಿದು ನಡೆಯುತ್ತಿದ್ದರು. ಹೊಸ ಮಣ್ಣು ಕಂಡರೆ ಸಾಕು, ಎಲ್ಲರೂ ನಿಂತುಬಿಡೋದು. ಎಷ್ಟೋ ಸಲ ಅದು ಹೆಗ್ಗಣ ಕೆದರಿದ ಮಣ್ಣು.

ಇನ್ನೊಂದು ಮಗ್ಗುಲೂ ಹೇಳಬೇಕು, ನೀನು ಪೊಲೀಸ್ ಆಗೋನು. ಆ ಬೇಟೆಯಲ್ಲಿ ಎರಡೂ ರಾಜ್ಯದ ಪಡೆಗಳ ಕೈಯಲ್ಲಿ ಹಳ್ಳಿಯವರಿಗೆ ಹಿಂಸೆ ಆಯ್ತು ಅನ್ನೋ ದೂರುಗಳನ್ನು ನಿವೃತ್ತ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ಮಾನವ ಹಕ್ಕು ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ಪರಿಹಾರ ಕೊಡಿ ಅಂದಿತು. ಅವನಿಗೂ ಹೆದರಬೇಕು, ಖಾಕಿಗೂ ಹೆದರಬೇಕು ಅಂದರೆ ಜನ ಯಾರ ಹತ್ತಿರ ಮಾತಾಡ್ತಾರೆ ಹೇಳು? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಆಗಿದ್ದರು ಆ ಮಂದಿ.

ಕೊನೆಗೆ ಅವನು ಸಿಕ್ಕಿದ್ದು ಕಾಡಿನಲ್ಲಿ ಅಲ್ಲ, ರಸ್ತೆಯಲ್ಲಿ. ಕಣ್ಣಿಗೆ ಪೊರೆ ಬಂದಿತ್ತು, ಚಿಕಿತ್ಸೆ ಬೇಕಿತ್ತು. ತಮಿಳುನಾಡು ಎಸ್‌ಟಿಎಫ್‌ನ ವಿಜಯಕುಮಾರ್ ಸಾಹೇಬರ ತಂಡ ತಮ್ಮವರನ್ನೇ ಅವನ ಹತ್ತಿರ ಸೇರಿಸಿ, ಆಂಬುಲೆನ್ಸ್ ಅಂತ ತಮ್ಮದೇ ಗಾಡಿ ಕಳಿಸಿತು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆ ಪಾಪ್ಪಾರಪಟ್ಟಿ ಹತ್ತಿರ ಅವನೂ ಜೊತೆಗಿದ್ದ ಮೂವರೂ ಸತ್ತರು. ಆ ದೊಡ್ಡ ಮೀಸೆ ಕತ್ತರಿಸಿ ಸಣ್ಣದು ಮಾಡಿಕೊಂಡಿದ್ದ. ಟಿವಿಯಲ್ಲಿ ನೋಡಿ ನಮ್ಮ ಮನೆಯವರು "ಇವನಾ?" ಅಂದರು.

ಟಿಳಕವಾಡಿ ರಾಜು:

ಕಾಕಾ, ಓದಿ ಮೈ ಜುಂ ಅಂತು. ಹಿಂಡಲಗಾ ವಿಷಯ ನಾನು ಹೇಳ್ತೀನಿ.

ನಿಜ. ಪಾಲಾರ್ ಕೇಸಿನಲ್ಲಿ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟ್ 2001ರಲ್ಲಿ ಜೀವಾವಧಿ ಕೊಟ್ಟಿತ್ತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಜನರಿಗೆ ಅದನ್ನು ಗಲ್ಲು ಶಿಕ್ಷೆಯಾಗಿ ಹೆಚ್ಚಿಸಿತು. ಆ ನಾಲ್ವರೂ ಹಿಂಡಲಗಾದಲ್ಲಿದ್ದರು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಕ್ಷಮಾದಾನ ತಿರಸ್ಕರಿಸಿದರು ಅಂತ ಸುದ್ದಿ ಬಂದಾಗ ಊರೆಲ್ಲ ಅದೇ ಮಾತು. ಜೈಲಿನ ಮುಂದೆ ಟಿವಿಯವರ ಗಾಡಿಗಳು. ನನ್ನ ಗೆಳೆಯನ ಚಹಾ ಗಾಡಿ ಆ ರಸ್ತೆಯಲ್ಲೇ ಇತ್ತು. ಕ್ಯಾಮೆರಾದವರು ಅವನನ್ನೂ ಬಿಡಲಿಲ್ಲ, "ಒಳಗೆ ಏನು ನಡೀತಿದೆ?" ಅಂತ ಕೇಳಿದರಂತೆ. ಅವನಿಗೇನು ಗೊತ್ತು ಪಾಪ! "ಸರ್, ನನಗೆ ಇಲ್ಲಿ ಹಾಲು ಖಾಲಿ ಆಗಿರೋದು ಅಷ್ಟೇ ಗೊತ್ತು" ಅಂದನಂತೆ.

ಕೆಲವೇ ದಿನದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಜನವರಿ 21ಕ್ಕೆ, ಕ್ಷಮಾದಾನ ಅರ್ಜಿ ಇತ್ಯರ್ಥಕ್ಕೆ ವಿನಾಕಾರಣ ತಡ ಆಗಿದೆ ಅಂತ ಇವರ ಗಲ್ಲು ಜೀವಾವಧಿಗೆ ಇಳಿಯಿತು; ಆ ತೀರ್ಪಿನಲ್ಲಿ ಇವರೂ ಸೇರಿ ಒಟ್ಟು 15 ಜನರದ್ದು ಇಳಿಯಿತು. ಪರೀಕ್ಷೆಗೂ ಉಪಯೋಗ, ಶತ್ರುಘ್ನ ಚೌಹಾಣ್ ಕೇಸ್ ಅಂತ ಬರೆದಿಟ್ಟುಕೋ.

ಸವಿತಕ್ಕ, ಬಾಗಲಕೋಟೆ:

ಎಲ್ಲರೂ ರಾಜಕುಮಾರ್ ಅಪಹರಣ ಅಂದ ಕೂಡಲೇ 108 ದಿನ, ಗಾಜನೂರು ಅಂತ ಹೇಳಿ ನಿಲ್ಲಿಸುತ್ತಾರೆ. ಶಕೀಲ್ ಅಹಮದ್ ಹೆಸರು ಬಂತಲ್ಲ, ಅದರ ಮುಂದಿನದು ಹೇಳ್ತೀನಿ.

2000ದ ಜುಲೈ 30ಕ್ಕೆ ಅಣ್ಣಾವ್ರನ್ನು ಒಯ್ದ ಮೇಲೆ ಅವನು ಬೇಡಿಕೆ ಪಟ್ಟಿ ಕಳಿಸಿದ. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಜೊತೆಗೆ ಟಾಡಾದಲ್ಲಿ ಒಳಗಿದ್ದವರನ್ನು ಬಿಡಬೇಕು ಅಂತ. ಸರ್ಕಾರ ಟಾಡಾ ಕೇಸ್ ವಾಪಸ್ ತಗೊಳ್ಳೋಕೆ ಹೊರಟಿತು. ಆಗ ಇಡೀ ರಾಜ್ಯಕ್ಕೆ ಒಂದೇ ಆಸೆ, ಅಣ್ಣಾವ್ರು ಮನೆಗೆ ಬರಲಿ ಅಂತ. ನಮ್ಮ ಓಣಿಯಲ್ಲಿ ಹೆಂಗಸರು ಸೋಮವಾರ ಉಪವಾಸ ಮಾಡುತ್ತಿದ್ದರು, ನಾನೂ ಮಾಡಿದ್ದೆ. ಅಂಥ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ ಆ ಟಾಡಾ ಆರೋಪಿಗಳನ್ನು ಬಿಡಬೇಡಿ ಅಂದವರು ಅಬ್ದುಲ್ ಕರೀಂ. ಶಕೀಲ್ ಅಹಮದ್ ಅವರ ತಂದೆ. ವಯಸ್ಸಾದವರು. ನವೆಂಬರ್ 7ಕ್ಕೆ ಕೋರ್ಟ್ ಅವರ ಮಾತನ್ನೇ ಎತ್ತಿ ಹಿಡಿಯಿತು. ಅದಾಗಿ ಒಂದು ವಾರಕ್ಕೆ, 15ಕ್ಕೆ, ಅಣ್ಣಾವ್ರೂ ಬಂದರು.

ಆ ದಿನಗಳಲ್ಲಿ ಕರೀಂ ಅವರಿಗೆ ಎಷ್ಟು ಮಂದಿ ಬೈದಿರಬಹುದು ಅಂತ ಯೋಚನೆ ಮಾಡಿ. ಮಗನನ್ನು ಕೊಂದವರನ್ನು ಬಿಡಬೇಡಿ ಅನ್ನೋಕೂ ಧೈರ್ಯ ಬೇಕಾದ ಕಾಲ ಅದು.

ನಾಗಪ್ಪ ಅವರ ಹಣೆಬರಹ ಅಷ್ಟು ಗಟ್ಟಿ ಇರಲಿಲ್ಲ. ಮಾಜಿ ಮಂತ್ರಿ, 2002ರ ಆಗಸ್ಟ್ 25ಕ್ಕೆ ಕಾಮಗೆರೆ ಮನೆಯಿಂದ ಒಯ್ದರು. ಡಿಸೆಂಬರ್ 8ಕ್ಕೆ ಚಂಗಡಿ ಕಾಡಿನಲ್ಲಿ ಹೆಣ ಸಿಕ್ಕಿತು.

ಸಿಂದಗಿ ಹುಡುಗ:

ಕಾಕಾ, ಅಕ್ಕಾ, ರಾಜು ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ಅಬ್ದುಲ್ ಕರೀಂ ಅವರ ಹೆಸರು ನಾನು ಕೇಳೇ ಇರಲಿಲ್ಲ. ಕಾಕಾ, ದುಡ್ಡು ತಿಂದ ಮಾತಿಗೆ ನೀವು ಉತ್ತರ ಕೊಡಲಿಲ್ಲ 🙂 ಇನ್ನೊಂದು, ಗೋಪಿನಾಥಂಗೆ ಹೋಗಬಹುದಾ ಈಗ?

ಜಮಖಂಡಿ ಕಾಕಾ:

ಜಾಣ ಇದ್ದೀಯ, ಬಿಡೋನಲ್ಲ.

1986ರಲ್ಲಿ ಬೂದಿಪಡಗದ ಅರಣ್ಯ ಇಲಾಖೆ ಅತಿಥಿಗೃಹದಲ್ಲಿ ಇಟ್ಟವನು ಹೆಂಗೆ ತಪ್ಪಿಸಿಕೊಂಡ ಅನ್ನೋದಕ್ಕೆ ಹತ್ತು ಕಥೆ ಇದ್ದವು. ನಾನು ಕಂಡದ್ದಲ್ಲ, ಹಾಗಾಗಿ ಯಾರ ಮೇಲೂ ಹಾಕಲ್ಲ. ಆದರೆ ಇಷ್ಟು ಲೆಕ್ಕ ಹಾಕು. ಅವನು ದಂತ, ಗಂಧ ತಾನೇ ಇಟ್ಟುಕೊಂಡು ಏನು ಮಾಡ್ತಿದ್ದ? ಕಾಡಿನ ಹೊರಗೆ ಲಾರಿ ಇತ್ತು, ಕೊಳ್ಳೋನಿದ್ದ. ಆಗ ನಿನ್ನ ಹೊಲದಲ್ಲಿ ಗಂಧದ ಗಿಡ ತಾನಾಗೇ ಹುಟ್ಟಿದರೂ ಅದು ಸರ್ಕಾರದ್ದು. ಜನ ಅದನ್ನು ಕಾಯೋದಿರಲಿ, ದೊಡ್ಡದಾಗೋ ಮುಂಚೆ ಕಿತ್ತು ಹಾಕೋರು. ಹೊಲದ ಮಾಲೀಕನಿಗೇ ಮರದ ಹಕ್ಕು ಬಂದದ್ದು 2001ರಲ್ಲಿ. ಅವನ ಹೆಸರು ಎಲ್ಲರಿಗೂ ಗೊತ್ತು, ಕೊಂಡವರ ಹೆಸರು ಯಾರ ಬಾಯಲ್ಲೂ ಇಲ್ಲ. ನಮ್ಮ ಬ್ಯಾರಕ್ಕಿನಲ್ಲಿ ದಿನಾ ಇದೇ ಸಿಟ್ಟು.

ಗೋಪಿನಾಥಂಗೆ ಆರಾಮಾಗಿ ಹೋಗಬಹುದು. ಮೈಸೂರಿನಿಂದ ಕೊಳ್ಳೇಗಾಲ, ಹನೂರು, ಮಾದಪ್ಪನ ಬೆಟ್ಟ. ಅಲ್ಲಿಂದ ಕೆಳಗಿಳಿದು ಪಾಲಾರ್ ದಾಟಿ ಮುಂದೆ. ಜಂಗಲ್ ಲಾಡ್ಜಸ್‌ನವರ ಟೆಂಟ್ ಕ್ಯಾಂಪೂ ಇದೆ ಅಲ್ಲಿ. ಮಾರಿಯಮ್ಮನ ಗುಡಿಗೆ ಹೋಗಿ ಬಾ. ಪರೀಕ್ಷೆ ಮುಗಿಸಿ ಹೋಗು, ಮೊದಲು ಓದು.