ಅಪ್‌ಡೇಟ್: ಜ್ವರ ಬಿಟ್ಟ ಮೇಲೂ ತಮ್ಮನಿಗೆ ಏದುಸಿರು ಅಂತ ಕೇಳಿದ್ದೆ

ನಾಲ್ಕು ತಿಂಗಳ ಹಿಂದಿನ ಮಾತು. ತಮ್ಮನಿಗೆ ಮೂರು ದಿನ ಸಣ್ಣ ವೈರಲ್ ಜ್ವರ ಬಂದು ಹೋಗಿತ್ತು. ಎರಡು ವಾರ ಆದರೂ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಬರೀ ಸುಸ್ತು ಇರಬಹುದಾ ಅಂತ ಕೇಳಿದ್ದೆ. ಸುಮ್ನೆ ಕಾಯಬೇಡಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದವರಿಗೆಲ್ಲ ಕೈ ಮುಗಿಯುತ್ತೇನೆ.

ಇಸಿಜಿಯಲ್ಲಿ ವ್ಯತ್ಯಾಸ ಇತ್ತು. ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಜಾಸ್ತಿ ಇತ್ತು. ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ, ಅಂದರೆ ಇಎಫ್, 42% ಬಂತು. ಸಾಮಾನ್ಯವಾಗಿ 55ರ ಮೇಲಿರುತ್ತದೆ. ಎಂಆರ್‌ಐ ಆದ ಮೇಲೆ ಮಯೋಕಾರ್ಡೈಟಿಸ್ ಅಂದರು. ಹೃದಯದ ಸ್ನಾಯುವಿನ ಉರಿಯೂತ. ಜ್ವರ ಸಣ್ಣದಿದ್ದರೂ, ವೈರಸ್ ವಿರುದ್ಧ ಎದ್ದ ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಆ ಸ್ನಾಯುವಿಗೂ ಪೆಟ್ಟು ಕೊಡಬಹುದಂತೆ. ಇದನ್ನು ಕೇಳಿ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊನ್ನೆಯ ಎಕೋದಲ್ಲಿ ಇಎಫ್ 56%! ಆದರೆ ಎಂಆರ್‌ಐಯಲ್ಲಿ ಹೃದಯದ ಸ್ನಾಯುವಿನ ಮೇಲೆ ಚಿಕ್ಕದೊಂದು ಗಾಯದ ಕಲೆ ಉಳಿದಿದೆ. ಅದರಿಂದ ಮುಂದೆ ಬಡಿತ ತಪ್ಪುವ ಅಪಾಯ ಇರಬಹುದು, ಅದಕ್ಕೇ ಹೋಲ್ಟರ್ (ಇಡೀ ದಿನ ಹೃದಯ ಬಡಿತ ದಾಖಲಿಸುವ ಚಿಕ್ಕ ಯಂತ್ರ) ಹಾಕಿ ನೋಡುತ್ತಾರೆ. ಮಾತ್ರೆ ಮುಂದುವರಿದಿದೆ. ಆರು ತಿಂಗಳು ತುಂಬುವವರೆಗೆ ಓಟ, ಕಬಡ್ಡಿ ಬೇಡ ಅಂದಿದ್ದಾರೆ. ಸಂಜೆ ಇಬ್ಬರೂ ನಿಧಾನಕ್ಕೆ ಕೆರೆ ಏರಿವರೆಗೆ ನಡೆದು ಬರುತ್ತೇವೆ.